ಹೋಳಿಯ ನಂತರದ ಭಾನುವಾರ

ಘಾಜಿಯಾಬಾದಿನ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲುಗಳಲ್ಲಿ ಹೋಳಿಯ ಗುಲಾಲು ಇನ್ನೂ ಹೋಗಿಲ್ಲ. ಸಫಾಯಿ ಭಯ್ಯಾ ಎಷ್ಟು ಉಜ್ಜಿದರೂ ಮೂಲೆಗಳಲ್ಲಿ ಗುಲಾಬಿ ಬಣ್ಣ ಕಾಣುತ್ತದೆ. ಅದನ್ನು ಕಂಡರೆ ನನಗೆ ಮಾವನವರ ನೆನಪು. ಅವರು ತೀರಿಕೊಂಡ ಮೇಲೆ ಇದು ಮೊದಲ ಹೋಳಿ. ಮಂಗಳೂರಿನ ಕ್ರೈಸ್ತರಾದ ಅವರಿಗೂ ಹೋಳಿಗೂ ಏನು ನಂಟು ಎನ್ನುತ್ತೀರಾ? ನಂಟು ಹಾಕಿದವನು ನಾನೇ, ಅದೂ ಕಂಪ್ಯೂಟರಿನಲ್ಲಿ.

ಆಗ ಪ್ರೆಸಿಲ್ಲಾಳ ಜೊತೆ ನನ್ನ ಮದುವೆಯ ಮಾತು ನಡೆದಿತ್ತು. ನಡೆದಿತ್ತು ಅಂದರೆ ನಾವಿಬ್ಬರೇ ನಡೆಸಿದ್ದೆವು. ಇಲ್ಲಿನದೇ ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿದ್ದ ಅವಳ ತಂದೆ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ನಮ್ಮಮ್ಮ ಮುಂದಿನ ವರ್ಷದ ಮುಹೂರ್ತ ಹುಡುಕುತ್ತಿದ್ದರು. ಪ್ರೆಸಿಲ್ಲಾಳ ಕಡೆಯಲ್ಲಿ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮದುವೆ ಮಾಡುವುದಿಲ್ಲ. ಈಸ್ಟರ್ ಯಾವತ್ತು ಎಂದು ಫೋನನ್ನು ಕೇಳಿದರೆ ಸಾಕಿತ್ತು. ಆದರೆ ಗುರುಗ್ರಾಮದಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವನಿಗೆ ಭಾವೀ ಮಾವನ ಮುಂದೆ ವಿದ್ಯೆ ಮೆರೆಯುವ ಚಪಲ.

ಸೂತ್ರ ಸುಲಭ ಅನ್ನಿಸಿತು. ಮಾರ್ಚಿನಲ್ಲಿ ಹಗಲಿರುಳು ಸಮನಾದ ಮೇಲೆ ಬರುವ ಹುಣ್ಣಿಮೆ, ಅದರ ನಂತರದ ಭಾನುವಾರ. ಪಂಚಾಂಗದ ಮನೆಯಲ್ಲಿ ಬೆಳೆದವನಿಗೆ ಹುಣ್ಣಿಮೆ ಏನು ಮಹಾ? ಆಕಾಶದ ಚಂದ್ರನನ್ನೇ ನಂಬಿ ಪ್ರೋಗ್ರಾಂ ಬರೆದು, ಲ್ಯಾಪ್‌ಟಾಪ್ ಹೊತ್ತು ಅವರ ಮನೆಗೆ ಹೋದೆ.

ಅವರು ಮುಂದಿನ ವರ್ಷವನ್ನು ಕೇಳಲೇ ಇಲ್ಲ. ಹೆಂಡತಿ ತೀರಿಕೊಂಡ ವರ್ಷವನ್ನು ಹೇಳಿದರು. ಪರದೆಯ ಮೇಲೆ ಮಾರ್ಚಿನ ಒಂದು ತಾರೀಕು ಬಂತು, ಆ ವರ್ಷದ ಹೋಳಿಯಾದ ಮೇಲಿನ ಮೊದಲ ಭಾನುವಾರ. ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ತಪ್ಪು ಮಾರಾಯ. ಆ ವರ್ಷ ಈಸ್ಟರ್ ಏಪ್ರಿಲಿನಲ್ಲಿ, ತುಂಬಾ ತಡ. ಈಸ್ಟರಿನ ಪೂಜೆ ಒಂದು ನೋಡಿ ಹೋಗ್ತೇನೆ ಅಂತಿದ್ದಳು ಅವಳು. ಅಷ್ಟು ದಿನ ಉಳಿಯಲಿಲ್ಲ."

ನಾನು ಪೆಚ್ಚಾದೆ. ಆಮೇಲೆ ಓದಿಕೊಂಡಾಗ ತಿಳಿಯಿತು, ಚರ್ಚಿನ ಹುಣ್ಣಿಮೆ ಆಕಾಶದ್ದಲ್ಲ, ಬಹಳ ಹಿಂದೆ ಹಾಕಿಟ್ಟ ಕೋಷ್ಟಕದ್ದು. ಅಪರೂಪಕ್ಕೆ ಎರಡಕ್ಕೂ ಒಂದು ದಿನದ ತಕರಾರು ಬಂದರೆ ಮುಂದಿನ ಹುಣ್ಣಿಮೆಗೆ ಕಾಯಬೇಕು, ಹಬ್ಬವೇ ಒಂದು ತಿಂಗಳು ತಡವಾಗುತ್ತದೆ. ಎರಡು ಪಂಚಾಂಗಗಳ ಏಕಾದಶಿ ಜಗಳ ನೋಡುತ್ತ ಬೆಳೆದ ನನಗಾದರೂ ಇದು ಹೊಳೆಯಬೇಕಿತ್ತು.

ಕೋಷ್ಟಕದಂತೆ ಹೊಸದೊಂದು ಬರೆದು ಮರುವಾರ ಹೋದೆ. ಈ ಸಲ ಅವರು ಮುಂದಿನ ವರ್ಷದ ಈಸ್ಟರ್ ನೋಡಿ, ಅದಾದ ಮೇಲಿನ ಶನಿವಾರ ಆಗಬಹುದೇ ಎಂದು ಅಮ್ಮನನ್ನು ಕೇಳಲು ಹೇಳಿದರು. ಅದೇ ಒಪ್ಪಿಗೆ. ನಾನು ಹೊರಡುವಾಗ, "ಆ ಹಳೆಯದನ್ನು ಅಳಿಸಬೇಡ" ಎಂದರು. ಯಾಕೆ ಎಂದು ಕೇಳುವ ಧೈರ್ಯವಾಗಲಿಲ್ಲ.

ಮದುವೆಯಾದ ಮೇಲೆ ಪ್ರತಿ ಹೋಳಿಗೆ ಬರುತ್ತಿದ್ದರು. ಕಾಫಿ ಕುಡಿದು, ಹಳೆಯ ಪ್ರೋಗ್ರಾಮಿನಲ್ಲಿ ಅದೊಂದೇ ವರ್ಷವನ್ನು ಹಾಕಿಸಿ ನೋಡಿ, ಅಚ್ಛಾ ಎಂದು ಎದ್ದು ಹೋಗುತ್ತಿದ್ದರು. ವಯಸ್ಸಾದವರ ಹಟ ಎಂದುಕೊಂಡು ನಾನು ಒಳಗೊಳಗೇ ನಗುತ್ತಿದ್ದೆ. ಅವರು ಈಗ ಇಲ್ಲವಲ್ಲ, ಆ ಹಟ ಬೇಕೆನಿಸುತ್ತದೆ.

ನಿನ್ನೆ ಪ್ರೆಸಿಲ್ಲಾ ತಾನಾಗಿಯೇ ಬಂದು ಪಕ್ಕದಲ್ಲಿ ಕುಳಿತಳು. ಪಪ್ಪನ ಪ್ರೋಗ್ರಾಂ ಹಾಕು ಎಂದಳು. ಯಾವ ವರ್ಷ ಎಂದು ನಾನು ಕೇಳಲಿಲ್ಲ. ಮಾರ್ಚಿನ ಅದೇ ತಾರೀಕು ಬಂತು. ತಪ್ಪು ತಾರೀಕನ್ನು ಅವರು ವರ್ಷ ವರ್ಷ ಏನು ನೋಡುತ್ತಿದ್ದರೋ ಎಂದೆ.

"ನಿನಗೆ ಪಪ್ಪ ಹೇಳಿಲ್ವಾ?" ಎಂದಳು. "ಆ ಸಂಡೇ ಮಮ್ಮಿ ಇನ್ನೂ ನಡೀತಿದ್ರು. ನಮ್ಮಿಬ್ಬರ ಕೈ ಹಿಡ್ಕೊಂಡು ಪೂಜೆಗೆ ಬಂದಿದ್ರು. ಅದೇ ಲಾಸ್ಟ್. ನಿನ್ನ ಪ್ರೋಗ್ರಾಮಿನಲ್ಲಿ ಅದು ಈಸ್ಟರ್ ಪೂಜೆ."

ಆ ಪ್ರೋಗ್ರಾಮನ್ನು ತಪ್ಪು ಎನ್ನುವುದನ್ನು ನಾನು ಬಿಟ್ಟಿದ್ದೇನೆ.