ಓದದೆ ಬಿಟ್ಟ ಸಾಲು

ಮಧುಗಿರಿಯಲ್ಲಿ ಒಬ್ಬ ವಕೀಲರ ಹತ್ತಿರ ನಾನು ಹನ್ನೊಂದು ವರ್ಷ ಗುಮಾಸ್ತನಾಗಿದ್ದೆ. ಯಾರಾದರೂ ವ್ಯಾಜ್ಯ ಹೊತ್ತು ಬಂದರೆ ಮೊದಲು ಅವರ ಕಥೆ ಕೇಳುವವನು ನಾನು. ಕೇಳಿ, ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಟ್ಟು ದಾವೆ ಅರ್ಜಿ ಬರೆಯುತ್ತಿದ್ದೆ. ವಕೀಲರು ಅದರ ಮೇಲೊಮ್ಮೆ ಕಣ್ಣಾಡಿಸಿ ರುಜು ಹಾಕುತ್ತಿದ್ದರು. ನನ್ನ ಬರವಣಿಗೆಯನ್ನು ಕೋರ್ಟಿನ ಶಿರಸ್ತೇದಾರರೇ ಹೊಗಳಿದ್ದರು. ಆ ಜಂಬ ನನಗೆ ಸ್ವಲ್ಪ ಹೆಚ್ಚಾಗಿಯೇ ಇತ್ತು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಒಂದು ಬೆಳಗ್ಗೆ ಕೊರಟಗೆರೆ ಕಡೆಯಿಂದ ಐವತ್ತರ ಆಸುಪಾಸಿನ ಹೆಂಗಸೊಬ್ಬರು ತಮ್ಮನನ್ನು ಕರೆದುಕೊಂಡು ಬಂದರು. ಆಕೆಯ ಬಲಗಣ್ಣಿನ ಮೇಲೆ ಬಿಳಿ ಬಟ್ಟೆ ಕಟ್ಟಿತ್ತು. ಆಕೆ ಸೂಲಗಿತ್ತಿ. ಸಿದ್ದರಬೆಟ್ಟದ ಬುಡದ ನಾಲ್ಕೈದು ಹಳ್ಳಿಗಳ ಮಕ್ಕಳೆಲ್ಲ ಆಕೆಯ ಕೈಗೇ ಬಂದು ಬಿದ್ದವರು ಎಂದು ತಮ್ಮ ಹೇಳಿದ. ಆತನೇ ಹೇಳಿದ ಇನ್ನೊಂದು ಮಾತು, ಕಣ್ಣು ಹೋದ ಮೇಲೆ ಅಕ್ಕನನ್ನು ಯಾರೂ ಹೆರಿಗೆಗೆ ಕರೆಯುತ್ತಿಲ್ಲ ಎಂಬುದು. ಹುಟ್ಟಿದ ಕೂಸು ಮೊದಲು ನೋಡುವ ಮುಖ ಒಂಟಿಗಣ್ಣಿನದಾಗಬಾರದಂತೆ.

ನಡೆದದ್ದು ಇಷ್ಟು. ಎರಡು ತಿಂಗಳ ಹಿಂದೆ ಅಕ್ಕ-ತಮ್ಮ ಇಬ್ಬರೂ ಗಾಡಿಯಲ್ಲಿ ಹುಣಸೆಹಣ್ಣು ಹೇರಿಕೊಂಡು ಮಧುಗಿರಿಗೆ ಬಂದಿದ್ದರು. ಬಿಸಿಲಿಗೆ ಆಕೆಗೆ ಹೊಟ್ಟೆ ತೊಳಸಿತು. ತಮ್ಮ ಎತ್ತುಗಳಿಗೆ ನೀರು ಕುಡಿಸಲು ಹೋದಾಗ ಆಕೆ ಪಕ್ಕದ ಅಂಗಡಿಯಲ್ಲಿ ಒಂದು ಗೋಲಿ ಸೋಡಾ ಕೇಳಿದರು. ಅಂಗಡಿಯವನು ಹಸಿರು ಬಣ್ಣದ ಪೆಟ್ಟಿಗೆಯಿಂದ ಬಾಟ್ಲಿ ತೆಗೆದು, ಹಲಗೆಯ ಮೇಲಿಟ್ಟು ಗೋಲಿ ಒತ್ತಿದ. ಬಾಟ್ಲಿಯ ಕತ್ತು ಸಿಡಿದು ಚೂರು ಆಕೆಯ ಕಣ್ಣಿಗೆ ಹೊಕ್ಕಿತು. ಕೂಗು ಕೇಳಿ ಓಡಿ ಬಂದ ತಮ್ಮ ಆ ಗಾಬರಿಯಲ್ಲೂ ನೆಲದ ಮೇಲೆ ಬಿದ್ದಿದ್ದ ಕತ್ತಿನ ತುಂಡನ್ನು ಟವಲಿನಲ್ಲಿ ಗಂಟು ಹಾಕಿಕೊಂಡಿದ್ದ.

ಆ ಗಂಟನ್ನು ನನ್ನ ಮುಂದೆ ಬಿಚ್ಚಿದ. ಒಡೆದ ಅಂಚಿನ ಅರ್ಧ ಭಾಗ ಹೊಸದಾಗಿ ಹೊಳೆಯುತ್ತಿತ್ತು. ಉಳಿದರ್ಧಕ್ಕೆ ಕಪ್ಪಗೆ ಕೊಳೆ ಹತ್ತಿತ್ತು. ಅಂದರೆ ಬಿರುಕು ಹಳೆಯದು, ಅದು ಕಾಣುವಂತಿದ್ದರೂ ಸೋಡಾ ತುಂಬಿದ್ದರು. ಯುದ್ಧದ ದೆಸೆಯಿಂದ ಹೊಸ ಬಾಟ್ಲಿ ಬರುತ್ತಿರಲಿಲ್ಲ. ಸೋಡಾ ಮಾಡುವವರು ಇದ್ದ ಹಳೆಯವನ್ನೇ ತಿರುಗಿಸುತ್ತಿದ್ದರು. ಆ ಅಂಗಡಿಗೆ ಇಬ್ಬರು ಸೋಡಾ ತಂದುಹಾಕುತ್ತಿದ್ದರು. ಒಬ್ಬ ಊರಿನವನೇ. ಇನ್ನೊಬ್ಬ ಸಿರಾದವನು, ಹಸಿರು ಪೆಟ್ಟಿಗೆ ಅವನದು.

ವಕೀಲರು ಚೂರನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಸೋಡಾ ಬಾಟ್ಲಿಯ ಮೇಲೆ ದಾವೆ ಹೂಡಿದವರನ್ನು ತಾವು ಈವರೆಗೆ ಕಂಡಿಲ್ಲ, ಆದರೂ ಇದು ನಿಲ್ಲುವ ದಾವೆ ಎಂದರು. ಬರೆದುಕೋ ಎಂದು ನನಗೆ ಹೇಳಿ ಕೋರ್ಟಿಗೆ ಹೊರಟರು.

ನಾನು ಜಗಲಿಯ ಮೇಲೆ ಕೂತು ಬರೆದುಕೊಂಡೆ. ಎಡಗಣ್ಣು ಹೇಗಿದೆ ಎಂದು ಕೇಳಿದೆ.

"ಅದು ಚೆಂದಾಗೈತೆ ಸ್ವಾಮಿ. ಸೂಜಿಗೆ ದಾರ ಪೋಣಿಸ್ತೀನಿ," ಎಂದರು.

ಎಷ್ಟು ಪರಿಹಾರ ಕೇಳಬೇಕು ಎಂದು ವಿಚಾರಿಸಿದರೆ ಆಕೆಗೆ ಅದರ ಅಂದಾಜೇ ಇರಲಿಲ್ಲ. "ನಂಗೆ ಜಗಳ ಬ್ಯಾಡ. ಬಿರುಕು ಬಿಟ್ಟಿದ್ದು ಗೊತ್ತಿದ್ದೂ ಹೆಂಗ್ ತುಂಬುದ್ರು? ಅದು ತಪ್ಪು ಅಂತ ದೊಡ್ಡೋರು ಯಾರಾನ ಹೇಳ್ಬೇಕು, ಅಷ್ಟೇಯ," ಎಂದರು.

ಆ ರಾತ್ರಿ ಊಟವಾದ ಮೇಲೆ ಅರ್ಜಿಯನ್ನು ಶುದ್ಧ ಪ್ರತಿ ಮಾಡಲು ಕೂತೆ. ಒಂದು ಕಣ್ಣು ಹೋಗಿದೆ ಎಂದು ಬರೆದೆ. ಓದಿ ನೋಡಿದರೆ ಸಪ್ಪೆ ಎನಿಸಿತು. ಒಂದೇ ಕಣ್ಣಲ್ಲವೇ ಎಂದು ಎದುರು ವಕೀಲರು ನಕ್ಕುಬಿಟ್ಟರೆ? ಅರ್ಜಿ ಎಂದರೆ ಸ್ವಲ್ಪ ಏರಿಸಿಯೇ ಬರೆಯಬೇಕು, ಕೋರ್ಟು ಇಳಿಸಿಕೊಂಡು ಕೊಡುತ್ತದೆ ಎಂಬುದು ನಮ್ಮ ಕಸುಬಿನವರ ನಂಬಿಕೆ. ನಾನು ಒಂದು ಸಾಲು ಸೇರಿಸಿದೆ: "ಎಡಗಣ್ಣಿಗೂ ಅದರಿಂದ ದೃಷ್ಟಿ ಕುಂದಿ, ವಾದಿಯು ತನ್ನ ಕಸುಬಿಗಾಗಲಿ ಬೇರಾವ ಕೆಲಸಕ್ಕಾಗಲಿ ಪೂರಾ ನಾಲಾಯಕಾಗಿರುತ್ತಾಳೆ." ಬರೆದಾದ ಮೇಲೆ ಅರ್ಜಿ ತುಂಬಿಕೊಂಡಂತೆ ಕಂಡಿತು. ಖುಷಿಯೂ ಆಯಿತು.

ಎರಡು ದಿನ ಬಿಟ್ಟು ಆಕೆ ಬಂದರು. ಓದು ಬಾರದವರಿಗೆ ಅರ್ಜಿಯನ್ನು ಪೂರ್ತಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿ, ಓದಿ ಹೇಳಿದ್ದೇನೆ ಎಂದು ಗುಮಾಸ್ತ ಕೆಳಗೆ ರುಜು ಹಾಕಬೇಕು. ಓದುತ್ತಾ ಬಂದೆ. ಆ ಸಾಲು ಬಂದಾಗ ತಲೆ ಎತ್ತಿದೆ. ಆಕೆ ಒಂದೇ ಕಣ್ಣಿನಿಂದ ನನ್ನ ತುಟಿಯನ್ನೇ ನೋಡುತ್ತಾ ಕೂತಿದ್ದರು. ಓದಿದರೆ ಬೇಡ ಎನ್ನುತ್ತಾರೆ ಎಂದು ನನಗೆ ಖಂಡಿತ ಗೊತ್ತಿತ್ತು. ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋದೆ. ಮರೆತು ಬಿಟ್ಟದ್ದಲ್ಲ, ಗೊತ್ತಿದ್ದೇ ಬಿಟ್ಟದ್ದು. ಆಕೆ ಹೆಬ್ಬೆಟ್ಟು ಒತ್ತಿದರು, ನಾನು ರುಜು ಹಾಕಿದೆ.

ವಿಚಾರಣೆಗೆ ಬರುವ ಹೊತ್ತಿಗೆ ಏಳೆಂಟು ತಿಂಗಳಾಗಿತ್ತು. ಅಷ್ಟರಲ್ಲಿ ಅಂಗಡಿಯವನು ಜಾರಿಕೊಂಡಿದ್ದ. ದಿನವೂ ಸೋಡಾ ತಂದುಹಾಕುವ ಸಿರಾದವನ ಮೇಲೆ ಅವನು ಸಾಕ್ಷಿ ಹೇಳಿಯಾನೆ? ಯಾವ ಪೆಟ್ಟಿಗೆಯಿಂದ ತೆಗೆದೆನೋ ನೆನಪಿಲ್ಲ ಎಂದುಬಿಟ್ಟ. ಚೂರು ನಮ್ಮ ಹತ್ತಿರ ಇತ್ತು, ಆದರೆ ಅದು ಯಾರ ಬಾಟ್ಲಿ ಎನ್ನುವುದಕ್ಕೆ ಉಳಿದದ್ದು ಆಕೆಯ ಬಾಯಿಮಾತೊಂದೇ. ಆಕೆ ಕಟಕಟೆಯಲ್ಲಿ ನಿಂತು ಹಸಿರು ಪೆಟ್ಟಿಗೆಯ ಸಂಗತಿಯನ್ನು ಒಂದಿಷ್ಟೂ ತಡವರಿಸದೆ ಹೇಳಿದರು. ನ್ಯಾಯಾಧೀಶರು ಚೂರನ್ನು ತರಿಸಿಕೊಂಡು, ಕೊಳೆ ಹತ್ತಿದ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದರು. ನಮ್ಮ ವಕೀಲರು ನನ್ನತ್ತ ತಿರುಗಿ, ಗೆದ್ದೆವು ಎಂಬಂತೆ ಸಣ್ಣಗೆ ತಲೆಯಾಡಿಸಿದರು.

ಆಮೇಲೆ ಸೋಡಾದವನ ವಕೀಲರು ಪಾಟೀಸವಾಲಿಗೆ ಎದ್ದರು. ಮೊದಲ ಪ್ರಶ್ನೆಯೇ ಎಡಗಣ್ಣಿನದು.

"ಕಾಣ್ತದೆ ಬುದ್ದಿ. ನಿಮ್ ಕೋಟಿನ್ ಗುಂಡಿ ಒಂದು ಕಿತ್ತೋಗೈತೆ," ಎಂದರು ಆಕೆ. ಕೂತಿದ್ದವರೆಲ್ಲ ನಕ್ಕರು.

ಯಾವ ಕೆಲಸವೂ ಆಗುವುದಿಲ್ಲವೋ ಎಂದು ಅವರು ಕೇಳಿದರು. ಯಾಕಾಗುವುದಿಲ್ಲ, ಎಲ್ಲ ಮಾಡುತ್ತೇನೆ ಎಂದರು ಆಕೆ. ಕಣ್ಣು ಹೋದ ಮೇಲೆ ಹೆರಿಗೆ ಮಾಡಿಸಿದ್ದೀಯಾ ಎಂದು ಕೇಳಿದರು. ಮಾಡಿಸಿದ್ದೇನೆ, ಹೋದ ತಿಂಗಳು ಕಲ್ಲು ಒಡೆಯುವವರ ಹೆಂಗಸೊಬ್ಬಳು ದಾರಿಯಲ್ಲೇ ನೋವು ತಿನ್ನುತ್ತಿದ್ದಳು, ಬೇರೆ ಯಾರೂ ಇರಲಿಲ್ಲ, ಅಡ್ಡಲಾಗಿದ್ದ ಕೂಸನ್ನು ತಿರುಗಿಸಿ ತೆಗೆದೆ, ತಾಯಿ ಮಗು ಚೆನ್ನಾಗಿವೆ ಎಂದರು. ಅದನ್ನು ಹೇಳುವಾಗ ಆಕೆಯ ಮುಖ ಅರಳಿತ್ತು.

ಆ ವಕೀಲರು ನಾನು ಬರೆದ ಸಾಲನ್ನು ಗಟ್ಟಿಯಾಗಿ ಓದಿದರು. ಇದು ನಿನ್ನ ಹೆಬ್ಬೆಟ್ಟೇ ಎಂದು ತೋರಿಸಿದರು.

"ಹೆಬ್ಬೆಟ್ಟು ನಂದೇ. ಆ ಮಾತು ನಾನು ಹೇಳ್ಲಿಲ್ಲ ಬುದ್ದಿ. ಅದ್ನ ನಂಗೆ ಯಾರೂ ಓದಿ ಹೇಳ್ಲಿಲ್ಲ."

ನ್ಯಾಯಾಧೀಶರು ಅರ್ಜಿಯ ಕೊನೆಯ ಹಾಳೆ ತಿರುವಿ ನನ್ನ ರುಜು ನೋಡಿದರು. ನನ್ನನ್ನು ಕರೆಸಿ ಪ್ರಮಾಣ ಮಾಡಿಸಿದರು. ಎಲ್ಲ ಸಾಲುಗಳನ್ನೂ ಓದಿ ಹೇಳಿದಿರಾ ಎಂದು ಕೇಳಿದರು.

ಆಗ ಇಲ್ಲ ಎಂದಿದ್ದರೆ ಕೆಲಸ ಹೋಗುತ್ತಿತ್ತು. ನಮ್ಮ ವಕೀಲರ ಮುಖಕ್ಕೆ ಮಸಿ ಬಳಿದ ಹಾಗಾಗುತ್ತಿತ್ತು. ಮನೆಯಲ್ಲಿ ಐದು ಜನ ನನ್ನನ್ನೇ ನಂಬಿಕೊಂಡಿದ್ದರು. ಇವೆಲ್ಲ ಆಮೇಲೆ ನಾನು ಹೊಂದಿಸಿಕೊಂಡ ಕಾರಣಗಳು. ಆ ಗಳಿಗೆಯಲ್ಲಿ ಯಾವುದೂ ತಲೆಯಲ್ಲಿರಲಿಲ್ಲ, ಬರೀ ಹೆದರಿಕೆ ಇತ್ತು.

"ಓದಿ ಹೇಳಿದ್ದೇನೆ ಸ್ವಾಮಿ," ಎಂದೆ.

ವಾದಿಯು ನಂಬತಕ್ಕ ಸಾಕ್ಷಿಯಲ್ಲ ಎಂದು ತೀರ್ಪಾಯಿತು. ತನ್ನ ಅರ್ಜಿಯನ್ನೇ ಅಲ್ಲಗಳೆಯುವವಳ ಮಾತಿನ ಮೇಲೆ ಪೆಟ್ಟಿಗೆಯ ಬಣ್ಣವನ್ನು ನಂಬಲಾಗದು ಎಂದು ದಾವೆ ವಜಾ ಆಯಿತು. ಆಕೆ ಹೇಳಿದ್ದಷ್ಟನ್ನೇ ನಾನು ಬರೆದಿದ್ದರೆ ಗೆಲ್ಲುವ ದಾವೆ ಅದು.

ಹೊರಗೆ ಬೇವಿನ ಮರದ ಕೆಳಗೆ ಆಕೆಯ ತಮ್ಮ ಗಾಡಿ ಹೂಡುತ್ತಿದ್ದ. ಆಕೆ ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, "ಅದನ್ನ ನೀವು ಓದ್ಲಿಲ್ಲ ಅಲ್ವ್ರಾ?" ಎಂದು ಕೇಳಿದರು. ಬೈಯುವ ದನಿಯಲ್ಲ. ತಮಗೇ ಮರೆತುಹೋಯಿತೇನೋ ಎಂಬ ಅನುಮಾನದ ದನಿ. ಕೋರ್ಟು ಅಷ್ಟು ಗಟ್ಟಿಯಾಗಿ ಸುಳ್ಳುಗಾತಿ ಎಂದ ಮೇಲೆ ಆಕೆಗೆ ತನ್ನ ನೆನಪಿನ ಮೇಲೇ ಸಂಶಯ ಬಂದಿತ್ತು. ನಾನು ಕಾಗದದ ಕಟ್ಟು ಸರಿಮಾಡಿಕೊಳ್ಳುತ್ತಾ ಒಳಗೆ ಹೋದೆ.

ತುಮಕೂರಿಗೆ ಅಪೀಲು ಹೋಗಬಹುದಿತ್ತು. ಆ ಸಾಲು ಓದಲಿಲ್ಲ ಎಂದು ನಾನೇ ಒಂದು ಪ್ರಮಾಣಪತ್ರ ಬರೆದು ಕೊಟ್ಟಿದ್ದರೆ ಆಕೆಯ ಮಾತು ನಿಲ್ಲುತ್ತಿತ್ತು. ಮೂರು ಸಲ ಬರೆದೆ. ಒಂದನ್ನು ಒಲೆಗೆ ಹಾಕಿದೆ, ಒಂದನ್ನು ಹರಿದೆ, ಮೂರನೆಯದು ಪೆಟ್ಟಿಗೆಯ ತಳದಲ್ಲಿದ್ದ ಹಾಗೆಯೇ ಅಪೀಲಿನ ವಾಯಿದೆ ಕಳೆಯಿತು. ಕಳೆದ ದಿನ ನನಗೆ ಚೆನ್ನಾಗಿ ನಿದ್ದೆ ಬಂತು. ಅದನ್ನೂ ಇಲ್ಲಿ ಹೇಳಿಬಿಡಬೇಕು.

ಮುಂದಿನ ಬೇಸಿಗೆಯಲ್ಲಿ ಕೊರಟಗೆರೆಗೆ ಬೇರೆ ಕೆಲಸಕ್ಕೆ ಹೋದವನು ಕಾಲು ಎಳೆದ ಕಡೆ ನಡೆದು ಆಕೆಯ ಹಳ್ಳಿ ತಲುಪಿದೆ. ಆಕೆ ಹೊಂಗೆ ಮರದ ನೆರಳಿನಲ್ಲಿ ಇತರ ಹೆಂಗಸರ ಜೊತೆ ಹುಣಸೆಬೀಜ ಬಿಡಿಸುತ್ತಾ ಕೂತಿದ್ದರು. ನನ್ನನ್ನು ಕಂಡು ಎದ್ದು ಬಂದರು. ಮನೆಯ ಜಗಲಿಯ ಮೇಲೆ ಕೂರಿಸಿ ಕುಡಿಯಲು ನೀರು ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಸಾಲು ಸೇರಿಸಿದ್ದು, ಓದದೆ ಬಿಟ್ಟದ್ದು, ಪ್ರಮಾಣ ಮಾಡಿ ಸುಳ್ಳು ಹೇಳಿದ್ದು. ತಪ್ಪಾಯಿತು ಎಂದು ಕೈ ಮುಗಿದೆ.

ಆಕೆ ಸೆರಗಿನಿಂದ ಕೈಗೆ ಅಂಟಿದ್ದ ಹುಣಸೆಯನ್ನು ನಿಧಾನವಾಗಿ ಒರೆಸಿಕೊಂಡರು.

"ನನ್ ತಾವ ಹೇಳಿ ಏನ್ ಬಂತು ಸ್ವಾಮಿ? ಕೋರ್ಟ್ನಾಗೆ ಆ ಬುದ್ದಿಯೋರ ಮುಂದೆ ಹೇಳ್ಬೇಕಿತ್ತು," ಎಂದರು. ನೀರಿನ ಚೊಂಬು ಎತ್ತಿಕೊಳ್ಳುತ್ತಾ, "ನಾನು ಮರ್ತಿರ್ಲಿಲ್ಲ ಅಂತಾಯ್ತಲ್ಲ, ಅಷ್ಟು ಒಳ್ಳೇದಾಯ್ತು ಬುಡಿ," ಎಂದರು.

ನಾನು ತಂದಿದ್ದ ಸ್ವಲ್ಪ ಹಣವನ್ನು ಮುಂದಿಟ್ಟೆ. ಆಕೆ ಅದರ ಕಡೆ ತಿರುಗಲಿಲ್ಲ. ಬಿಸಿಲು ಇಳಿಯುತ್ತಿದೆ, ಬಸ್ಸು ತಪ್ಪೀತು ಎಂದು ಎಚ್ಚರಿಸಿದರು. ದುಡ್ಡು ಎತ್ತಿಕೊಂಡು ಬಂದೆ.

ವಾಪಸ್ಸು ಬಂದು ವಕೀಲರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಈಗ ಹೇಳುತ್ತಿದ್ದೀಯಲ್ಲ ಎಂದಷ್ಟೇ ಅಂದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಅವತ್ತಿನಿಂದ ನಾನು ಬರೆದ ಪ್ರತಿಯೊಂದು ಅರ್ಜಿಯನ್ನೂ ತಾವೇ ಕಕ್ಷಿದಾರರ ಮುಂದೆ ಓದತೊಡಗಿದರು, ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು.

ಒಂದೆರಡು ವರ್ಷದ ಮೇಲೆ ಆಕೆಯ ತಮ್ಮ ಸಂತೆಯಲ್ಲಿ ಸಿಕ್ಕಿದ್ದ. ಮುಖ ತಿರುಗಿಸುತ್ತಾನೆ ಎಂದುಕೊಂಡಿದ್ದೆ, ನಿಂತು ಮಾತಾಡಿದ. ಅಕ್ಕ ಪಾವಗಡದ ಕಡೆ ಮಗಳ ಮನೆಗೆ ಹೋಗಿಬಿಟ್ಟಳು, ಅಲ್ಲಿ ಈ ಒಂಟಿಗಣ್ಣಿನ ಶಾಸ್ತ್ರ ಯಾರೂ ಎತ್ತಲಿಲ್ಲ, ಅರ್ಧ ತೆಲುಗು ಕಲಿತುಕೊಂಡು ಮತ್ತೆ ಹೆರಿಗೆ ಮಾಡಿಸುತ್ತಿದ್ದಾಳೆ ಎಂದ. ಕೇಳಿ ನನಗೆ ಎದೆ ಹಗುರವಾಯಿತು. ಮನೆಗೆ ಬರುವ ದಾರಿಯಲ್ಲಿ, ಹಾಗೆ ಹಗುರವಾಗಲು ನನಗೇನು ಹಕ್ಕು ಎಂದು ನಾಚಿಕೆಯಾಯಿತು.