ಬುಸ್ ಆಂಟಿಯ ಪಾಠ

ನೀಲಗಂಗಮ್ಮ ಸಿಸ್ಟರ್ ಬೈಯುವುದನ್ನು ಕೇಳಲು ನಾನು ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ಬಸವೇಶ್ವರನಗರದಲ್ಲಿ ಅವರು ಕೆಲಸ ಮಾಡುತ್ತಿದ್ದ ಮಕ್ಕಳ ಕ್ಲಿನಿಕ್ ಮಹಡಿಯ ಮೇಲೆ, ನನ್ನ ಮೆಡಿಕಲ್ ಸ್ಟೋರ್ ಅದರ ಕೆಳಗೆ. ಅವರ ಗಂಟಲಿಗೆ ನಡುವಿನ ಆರ್‌ಸಿಸಿ ಛಾವಣಿ ಲೆಕ್ಕಕ್ಕೇ ಇರಲಿಲ್ಲ.

"ಅಲ್ಲಾಡಿಸ್ದೆ ಒತ್ತಿದ್ರೆ ಔಷಧಿ ಹೆಂಗಮ್ಮ ಬರುತ್ತೆ? ಬರೀ ಗಾಳಿ ಕುಡಿಸೋದಾದ್ರೆ ಕಿಟಕಿ ತೆಗಿ, ಸಾಕು!"

ಕೌಂಟರಿನಲ್ಲಿ ನಿಂತ ಗಿರಾಕಿಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆಗ ನಗು ಬರುತ್ತಿತ್ತು.

ಅವರು ಹರಪನಹಳ್ಳಿ ಕಡೆಯವರು. ಗಂಡ ಬಿನ್ನಿಪೇಟೆಯ ಮಿಲ್ಲಿನಲ್ಲಿದ್ದರು. ಮಿಲ್ಲು ಮುಚ್ಚಿದ ಮೇಲೆ ಬಹಳ ದಿನ ಉಳಿಯಲಿಲ್ಲ. ಮಕ್ಕಳಿರಲಿಲ್ಲ. ಕುರುಬರಹಳ್ಳಿಯಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಒಂದು ಪೋರ್ಷನ್ ಹಿಡಿದು, ಇಪ್ಪತ್ತೆರಡು ವರ್ಷ ಆ ಕ್ಲಿನಿಕ್ಕಿಗೆ ನಡೆದೇ ಬಂದರು. ತೂಕ ನೋಡುವುದು, ಸೂಜಿ ಚುಚ್ಚುವುದು ಎಲ್ಲ ಸಿಸ್ಟರುಗಳೂ ಮಾಡುವ ಕೆಲಸ. ಇವರ ಹುಚ್ಚು ಬೇರೆ. ಉಬ್ಬಸದ ಮಕ್ಕಳಿಗೆ ಇನ್ಹೇಲರ್ ಸರಿಯಾಗಿ ಎಳೆಯುವುದನ್ನು ಕಲಿಸಬೇಕು, ಒಂದಾದರೂ ಮಗು ಒಂದೂ ತಪ್ಪಿಲ್ಲದೆ ಕಲಿಯಬೇಕು, ಅಷ್ಟೇ ಅವರ ಆಸೆ. ಕ್ಲಿನಿಕ್ಕಿನ ಮೂಲೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಪಾಠ ಮಾಡುತ್ತಿದ್ದರು. ಅಲ್ಲಾಡಿಸು, ಸ್ಪೇಸರಿಗೆ ಸಿಕ್ಕಿಸು, ತುಟಿ ಬಿಗಿಯಾಗಿ ಮುಚ್ಚು, ಒಂದೇ ಸಲ ಒತ್ತು, ನಿಧಾನ ಎಳೆದುಕೋ, ಹತ್ತು ಎಣಿಸುವ ತನಕ ಬಿಡಬೇಡ. ಸ್ಪೇಸರ್ ಅಂದರೆ ಇನ್ಹೇಲರಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬುರುಡೆ. ಒತ್ತಿದಾಗ ಬುಸ್ ಎನ್ನುತ್ತದೆಂದು ಮಕ್ಕಳು ಅವರಿಗೆ ಬುಸ್ ಆಂಟಿ ಎಂದೇ ಹೆಸರಿಟ್ಟಿದ್ದವು.

ಕಲಿಯುವವರು ಎಲ್ಲಿದ್ದರು? ನಮ್ಮ ಜನರ ವಿಷಯ ಹೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಒಬ್ಬಳು ತಾಯಿ ಎರಡು ಸಲ ಒಟ್ಟಿಗೆ ಒತ್ತಿ ಬೇಗ ಮುಗಿಸುತ್ತಾಳೆ. ಇನ್ನೊಬ್ಬಳು ಮಗು ಚೆನ್ನಾಗಿದೆಯಲ್ಲ ಎಂದು ದಿನಾ ಹಾಕಬೇಕಾದ್ದನ್ನು ನಿಲ್ಲಿಸುತ್ತಾಳೆ. ಅಭ್ಯಾಸವಾಗಿಬಿಡುತ್ತೆ, ನಾಳೆ ಹುಡುಗಿಗೆ ಗಂಡು ಸಿಗಲ್ಲ ಎಂದು ಬೀರುವಿನಲ್ಲಿ ಬಚ್ಚಿಡುವ ಅಜ್ಜಿಯರಿಗಂತೂ ಲೆಕ್ಕವಿಲ್ಲ. ಸಿಸ್ಟರ್ ಬಾಯಿ ಬಡಿದುಕೊಂಡು ಹೇಳುತ್ತಿದ್ದರು. ತಾಯಂದಿರು ತಲೆಯಾಡಿಸಿ, ಮುಂದಿನ ತಿಂಗಳು ಮತ್ತೆ ಏದುಸಿರು ಬಿಡುವ ಮಗುವನ್ನು ಎತ್ತಿಕೊಂಡು ಬರುತ್ತಿದ್ದರು.

ಅಂಥದ್ದರಲ್ಲಿ ಸೌಮ್ಯಶ್ರೀ ಬಂದಳು. ಕ್ಲಿನಿಕ್ಕಿನಿಂದ ಮೂರು ರಸ್ತೆ ಆಚೆ ಬಾಡಿಗೆಗೆ ಬಂದಿದ್ದ ಕೊಟ್ಟೂರಿನ ಕಡೆಯ ಹೆಣ್ಣುಮಗಳು. ಜೊತೆಗೆ ಎಂಟು ವರ್ಷದ ಮಗಳು ಕೀರ್ತನಾ. ತಾಯಿ ಒಂದು ನೋಟ್‌ಬುಕ್ ತಂದು ಸಿಸ್ಟರ್ ಹೇಳಿದ್ದನ್ನೆಲ್ಲ ಬರೆದುಕೊಂಡಳಂತೆ. ಆವತ್ತು ಸಿಸ್ಟರ್ ಬೈಯಲೇ ಇಲ್ಲ. ಮೇಲೆ ಸದ್ದಿಲ್ಲದ್ದನ್ನು ಕಂಡು ರಜಾ ಹಾಕಿದ್ದಾರೇನೋ ಅಂದುಕೊಂಡೆ.

ಕೀರ್ತನಾಗೆ ಎಲ್ಲ ಬರುತ್ತಿತ್ತು, ಒತ್ತುವುದಕ್ಕೂ ಎಳೆದುಕೊಳ್ಳುವುದಕ್ಕೂ ಮಾತ್ರ ತಾಳ ಕೂಡುತ್ತಿರಲಿಲ್ಲ. ಮನೆಯಲ್ಲಿ ದಿನಾ ಅಭ್ಯಾಸ ಮಾಡಬೇಕು. ಆದರೆ ಔಷಧಿಯಿರುವ ಇನ್ಹೇಲರಿನಲ್ಲಿ ಅಭ್ಯಾಸ ಮಾಡುವ ಹಾಗಿಲ್ಲ. ಕಲಿಸುವುದಕ್ಕೆಂದೇ ಕಂಪನಿಯವರು ಔಷಧಿಯಿಲ್ಲದ ಇನ್ಹೇಲರ್ ಕೊಡುತ್ತಾರೆ. ನೋಡುವುದಕ್ಕೆ ಅದೇ ನೀಲಿ, ಒತ್ತಿದರೆ ಅದೇ ಬುಸ್, ಒಳಗೆ ಏನೂ ಇಲ್ಲ. ಅದು ಕ್ಲಿನಿಕ್ ಬಿಟ್ಟು ಹೊರಗೆ ಹೋಗಕೂಡದು ಎಂದು ಡಾಕ್ಟರು ಹೇಳಿದ್ದರು.

ಒಂದು ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋದಾಗ ಸಿಸ್ಟರ್ ಕೆಳಗೆ ಇಳಿದು ಬಂದರು. "ಭೈರೇಶ, ಕಂಪನಿ ರೆಪ್ಪು ನಿನ್ನ ಹತ್ರ ಒಂದು ಡೆಮೋ ಬಿಟ್ಟು ಹೋಗಿದ್ನಲ್ಲ, ಕೊಡಪ್ಪ."

"ಯಾಕೆ ಸಿಸ್ಟರ್, ನಿಮ್ಮದು ಹಾಳಾಯ್ತಾ?"

"ಕೀರ್ತನಾಗೆ. ಇನ್ನೊಂದು ಹದಿನೈದು ದಿನ ಮನೇಲಿ ಮಾಡಿದ್ರೆ ನೋಡು ಹೆಂಗೆ ಕಲೀತಾಳೆ."

ನಾನು ಡ್ರಾಯರ್ ಎಳೆದು ಕೊಟ್ಟೆ. ಕೊಟ್ಟವನು ನಾನೇ. ಅವರು ನನ್ನ ಕೌಂಟರಿನ ಮೇಲೆಯೇ ಅದರ ನೀಲಿ ಕವಚಕ್ಕೆ ಬಿಳಿ ಪ್ಲಾಸ್ಟರ್ ಸುತ್ತಿ, ಪೆನ್ನಿನಿಂದ 'ಪಾಠದ್ದು' ಎಂದು ದಪ್ಪಗೆ ಬರೆದರು.

ಹದಿನೈದು ದಿನ ಬೇಕಾಗಲಿಲ್ಲ. ಹತ್ತನೆಯ ದಿನವೇ ಸಿಸ್ಟರ್ ಕುಣಿಯುವುದೊಂದು ಬಾಕಿ. "ಒಂದೂ ತಪ್ಪಿಲ್ಲ ಕಣೋ ಭೈರೇಶ! ಆ ತಾಯಿನೂ ಅಷ್ಟೇ. ವಾರಕ್ಕೊಂದ್ಸಲ ಕವಚ ತೊಳೀಬೇಕು ಅಂದಿದ್ದೆ. ಮರೀಬಾರ್ದು ಅಂತ ಭಾನುವಾರ ದೇವರ ಸಾಮಾನು ತಿಕ್ಕೋವಾಗ ಅದನ್ನೂ ತೊಳೀತಾಳಂತೆ!" ಸೋಮವಾರದ ಶಿವಪೂಜೆಗೆ ಸೌಮ್ಯಶ್ರೀಯ ಮನೆಯಲ್ಲಿ ಭಾನುವಾರ ಸಂಜೆಯೇ ಹುಣಸೆಹಣ್ಣು ಹಾಕಿ ತಂಬಿಗೆ, ಆರತಿ ತಟ್ಟೆ ಬೆಳಗಿಡುವ ಪದ್ಧತಿ. ಇಪ್ಪತ್ತೆರಡು ವರ್ಷಕ್ಕೆ ಅಂಥ ಒಂದು ಮನೆ ಸಿಕ್ಕಿತ್ತು. ಅವತ್ತು ಸಿಸ್ಟರ್ ನನಗೆ ಟೀ ಕೊಡಿಸಿದರು. ಕಲಿತದ್ದು ಮರೆಯದಿರಲಿ ಎಂದು ಡೆಮೋವನ್ನು ಅವರ ಮನೆಯಲ್ಲೇ ಬಿಟ್ಟರು.

ಅದಾಗಿ ಒಂದು ತಿಂಗಳಿಗೆ, ಒಂದು ಬುಧವಾರ, ಸೌಮ್ಯಶ್ರೀಯ ಪಕ್ಕದ ಹಳೆಯ ಮನೆಯನ್ನು ಜೆಸಿಬಿ ತಂದು ಕೆಡವಿದರು. ಬೆಳಗ್ಗೆಯಿಂದ ಬೀದಿಯ ತುಂಬ ಧೂಳು. ಹನ್ನೊಂದರ ಹೊತ್ತಿಗೆ ಕೀರ್ತನಾಗೆ ಉಸಿರು ಕಟ್ಟತೊಡಗಿತು. ತಾಯಿ ಗಾಬರಿಯಾಗಲಿಲ್ಲ, ಗಾಬರಿಯಾಗಬಾರದೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳಲ್ಲ. ಅಲ್ಲಾಡಿಸಿ, ಸಿಕ್ಕಿಸಿ, ಒಂದೊಂದೇ ಸಲ ಒತ್ತಿ, ಹತ್ತು ಸಲ ಕೊಟ್ಟಳು. ಹತ್ತರಲ್ಲೂ ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಓಡಬೇಕು ಎಂದಿತ್ತು. ಓಡಿದಳು. ಆಟೊ ಸಿಗ್ನಲ್ಲಿನಲ್ಲಿ ನಿಂತಾಗ ಮಗುವಿನ ತುಟಿ ನೀಲಿಯಾಗಿತ್ತು. ಆಸ್ಪತ್ರೆಯವರಿಗೆ ಮಾಡಲು ಏನೂ ಉಳಿದಿರಲಿಲ್ಲ.

ಸುದ್ದಿ ಕೇಳಿದ ದಿನ ಸಿಸ್ಟರ್ ಪಾಠಕ್ಕೆ ಕೂರಲಿಲ್ಲ.

ಹದಿನೆಂಟನೆಯ ದಿನ ಸೌಮ್ಯಶ್ರೀ ಬಂದಳು. ಮಧ್ಯಾಹ್ನ ಕ್ಲಿನಿಕ್ ಮುಚ್ಚಿತ್ತು. ಸಿಸ್ಟರ್ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಊಟದ ಡಬ್ಬಿ ತೆಗೆದಿದ್ದರು. ಅವಳು ಬ್ಯಾಗಿನಿಂದ ಸ್ಪೇಸರನ್ನೂ ಎರಡು ಇನ್ಹೇಲರುಗಳನ್ನೂ ತೆಗೆದು ಬೆಂಚಿನ ಮೇಲಿಟ್ಟಳು. ಒಂದಕ್ಕೆ ಪ್ಲಾಸ್ಟರ್ ಇನ್ನೂ ಹಾಗೆಯೇ ಅಂಟಿಕೊಂಡಿತ್ತು.

"ಸಿಸ್ಟರ್, ನಾನೆಲ್ಲಿ ತಪ್ಪು ಮಾಡ್ದೆ ಹೇಳಿ," ಎಂದು ಪ್ಲಾಸ್ಟರ್ ಇಲ್ಲದ್ದನ್ನು ಎತ್ತಿಕೊಂಡು, ತನ್ನ ಬಾಯಿಗೇ ಇಟ್ಟು ಮಾಡಿ ತೋರಿಸಿದಳು. ಅಲ್ಲಾಡಿಸಿದಳು, ಸಿಕ್ಕಿಸಿದಳು, ತುಟಿ ಮುಚ್ಚಿ ಒತ್ತಿ ಎಳೆದುಕೊಂಡಳು. ಬೆರಳು ಮಡಿಸುತ್ತ ಹತ್ತು ಎಣಿಸಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಉಸಿರು ಬಿಡಲಿಲ್ಲ.

"ಏನೂ ತಪ್ಪಿಲ್ಲಮ್ಮ," ಎಂದರು ಸಿಸ್ಟರ್.

"ಮತ್ತೆ ಯಾಕೆ ಹೋದ್ಲು? ಹಿಂದಿನ ಎರಡು ದಿನ ಪಾಠ ಬೇಡ ಅಂತ ಹಟ ಮಾಡಿದ್ಲು. ಪಾಠ ಮಾಡಿದ್ರೆ ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ ಅಂದ್ಲು. ಯಾವತ್ತೂ ಹಂಗಂದಿರ್ಲಿಲ್ಲ. ಕಳ್ಳಾಟ ಅಂತ ನಾನೇ ಗದರಿಸ್ದೆ."

ಸಿಸ್ಟರಿನ ಕೈಯಲ್ಲಿದ್ದ ತುತ್ತು ಡಬ್ಬಿಗೆ ಬಿತ್ತು. ನನಗೂ ಗೊತ್ತಾಯಿತು. ಕೈ ನಡುಗಿಸುವುದು ಔಷಧಿ. ಬರೀ ಗಾಳಿಗೆ ಕೈ ನಡುಗುವುದಿಲ್ಲ. ಅವರು ಎಂಜಲು ಕೈಯಲ್ಲೇ ಪ್ಲಾಸ್ಟರ್ ಇದ್ದ ಕವಚದೊಳಗಿನ ಲೋಹದ ಡಬ್ಬಿಯನ್ನು ಎಳೆದು ತೆಗೆದರು. ಅದರ ಮೇಲೆ ಔಷಧಿಯ ಹೆಸರಿತ್ತು. ಇನ್ನೊಂದನ್ನು ಎಳೆದರು. ಡೆಮೋ ಎಂದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿತ್ತು. ಆ ಬುಧವಾರದ ಹಿಂದಿನ ಭಾನುವಾರ ತೊಳೆಯಲು ಡಬ್ಬಿಗಳನ್ನು ತೆಗೆದಿಟ್ಟು, ಕವಚಗಳನ್ನು ಆರತಿ ತಟ್ಟೆಯ ಜೊತೆ ಒಣಗಿಸಿ, ಮತ್ತೆ ಹಾಕುವಾಗ ಅದಲುಬದಲಾಗಿತ್ತು. ಪ್ಲಾಸ್ಟರನ್ನು ಡಬ್ಬಿಗೆ ಸುತ್ತಬೇಕಿತ್ತು. ಸಿಸ್ಟರ್ ಕವಚಕ್ಕೆ ಸುತ್ತಿದ್ದರು.

ಹೇಳಬೇಡಿ ಎಂದು ನಾನು ಅವಳ ಬೆನ್ನ ಹಿಂದಿನಿಂದ ಕೈಸನ್ನೆ ಮಾಡಿದೆ. ಹೋದ ಮಗು ಬರುವುದಿಲ್ಲ. ತಿಳಿದು ಇವಳಿಗೇನು ಲಾಭ? ಸಿಸ್ಟರ್ ನನ್ನನ್ನು ನೋಡಿದರು, ಆಮೇಲೆ ಅವಳ ಕೈ ಹಿಡಿದುಕೊಂಡರು.

"ನೀನು ಕೊಟ್ಟಿದ್ರಲ್ಲಿ ಔಷಧಿ ಇರ್ಲಿಲ್ಲ ತಾಯಿ. ಡಬ್ಬಿ ಅದಲುಬದಲಾಗಿದೆ. ಮನೆಗೆ ಕೊಡಬಾರ್ದಿತ್ತು, ನಾನು ಕೊಟ್ಟೆ. ತಪ್ಪು ನಂದು. ನಿಂದೇನೂ ಇಲ್ಲ."

ಸೌಮ್ಯಶ್ರೀ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಎರಡು ಡಬ್ಬಿಗಳನ್ನೂ ಕೈಗೆತ್ತಿಕೊಂಡು ನೋಡಿದಳು.

"ತೊಳೆದು ಹಾಕಿದ್ದು ನಾನಲ್ವಾ ಸಿಸ್ಟರ್?" ಎಂದಳು.

ಅವಳು ಸ್ಪೇಸರನ್ನು ಮಾತ್ರ ಬ್ಯಾಗಿಗೆ ಹಾಕಿಕೊಂಡು ಎದ್ದು ಹೋದಳು. ಆ ತಿಂಗಳೇ ಮನೆ ಖಾಲಿ ಮಾಡಿದರಂತೆ. ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ.

ಸಿಸ್ಟರ್ ಡಾಕ್ಟರಿಗೂ ಎಲ್ಲ ಹೇಳಿದರು. ಡಾಕ್ಟರು ಅವರನ್ನು ಕೆಲಸದಿಂದ ತೆಗೆದುಹಾಕಲಿಲ್ಲ. ಸಿಸ್ಟರ್ ಒಂದು ತಿಂಗಳು ಬಂದು ತೂಕ ಮಾತ್ರ ನೋಡಿದರು. ಇನ್ಹೇಲರ್ ಕೈಗೆ ಕೊಟ್ಟರೆ ಹಿಡಿಯಲಾಗದೆ ಕೆಳಗಿಡುತ್ತಿದ್ದರು. ಆಮೇಲೆ ಬರುವುದನ್ನೇ ನಿಲ್ಲಿಸಿದರು. ಬನ್ನಿ ಸಿಸ್ಟರ್, ಮಕ್ಕಳು ಕೇಳ್ತವೆ ಎಂದು ಕರೆಯಲು ಹೋಗಿದ್ದೆ. ಬಾಗಿಲಲ್ಲೇ ನಿಂತು, "ಯಾರೂ ಸರಿಯಾಗಿ ಕಲೀದಿದ್ರೇ ವಾಸಿ ಇತ್ತು ಭೈರೇಶ. ಹಾಳಾದೋರೆಲ್ಲ ತಪ್ಪು ಮಾಡ್ಕೊಂಡೇ ಬದುಕಿದಾರೆ," ಎಂದರು. ನನಗೆ ಸಿಟ್ಟು ಬಂತು. ಅದು ಸುಳ್ಳು ಎಂದು ಹೇಳಬೇಕೆನಿಸಿತು, ಹೇಳುವ ಯೋಗ್ಯತೆ ನನಗಿರಲಿಲ್ಲ. ಡ್ರಾಯರ್ ಎಳೆದವನು ನಾನೇ ತಾನೇ.

ನಿನ್ನೆ ಒಬ್ಬ ತಾಯಿ ಆರು ವರ್ಷದ ಹುಡುಗಿಯನ್ನು ಎತ್ತಿಕೊಂಡು ಚೀಟಿ ಹಿಡಿದು ಬಂದಳು. ನೀಲಿ ಇನ್ಹೇಲರ್, ಸ್ಪೇಸರ್. ಮಗುವಿನ ಎದೆಯ ಸೀಟಿ ಕೌಂಟರಿನ ಈಚೆಗೂ ಕೇಳಿಸುತ್ತಿತ್ತು.

"ಅಣ್ಣ, ಇದನ್ನ ಹೆಂಗೆ ಹಾಕೋದು? ಮೇಲೆ ಹೇಳ್ಕೊಡೋರು ಯಾರೂ ಇಲ್ವಂತೆ."

ಇಪ್ಪತ್ತೆರಡು ವರ್ಷ ತಲೆಯ ಮೇಲಿಂದ ಕೇಳಿದ ಪಾಠ, ಒಂದಕ್ಷರ ಮರೆತಿಲ್ಲ. ಬಾಯಿ ತೆರೆದೆ. ಬೆರಳು ಮಡಿಸುತ್ತ ಎಣಿಸುತ್ತಿದ್ದ ಸೌಮ್ಯಶ್ರೀ ಕಣ್ಣ ಮುಂದೆ ಬಂದು ನಿಂತಳು.

"ಬಾಕ್ಸೊಳಗೆ ಪೇಪರ್ ಇದೆಯಮ್ಮ," ಎಂದೆ. "ಓದ್ಕೊಂಡು ಹಾಕಿ."

ಅವಳು ಅದನ್ನು ಬಿಡಿಸಿ ನೋಡಿದಳು. ಎಲ್ಲ ಇಂಗ್ಲಿಷಿನಲ್ಲಿತ್ತು. ಮಡಿಸಿ ಒಳಗಿಟ್ಟುಕೊಂಡು, ಮಗುವನ್ನು ಇನ್ನೊಂದು ಬದಿಯ ಸೊಂಟಕ್ಕೆ ಬದಲಾಯಿಸಿಕೊಂಡು ಹೊರಟಳು.