ಕಂದು ಹೊಗೆ ಕರಗಿದ ಮೇಲೆ

ನನ್ನ ತಮ್ಮ ಹಳೆಯ ಚಿನ್ನವನ್ನು ಆಮ್ಲದಲ್ಲಿ ಕಾಯಿಸಿ ಶುದ್ಧ ಮಾಡುವವನು. ಗಲ್ಲಿಯವರ ಬಾಯಲ್ಲಿ ಅವನು ಹೊಗೆಯಣ್ಣ. ಮದುವೆಯ ಮಾತೆತ್ತಿದರೆ, "ಈ ವಾಸನೇನ ಯಾರು ಕಟ್ಕೋತಾರೆ ಬಿಡು," ಎಂದು ನಗುತ್ತಿದ್ದ. ಮನೆಯ ಹಿಂದಿನ ಕೋಣೆಯೇ ಅವನ ಕಾರ್ಖಾನೆ. ಆಮ್ಲವು ಚಿನ್ನದೊಳಗಿನ ಕಲಬೆರಕೆಯನ್ನು ತಿನ್ನಲು ತೊಡಗಿದರೆ ಗಾಜಿನ ಪಾತ್ರೆಯಿಂದ ಕಂದು ಹೊಗೆ ಏಳುತ್ತಿತ್ತು. ಅದರ ಮೇಲೆ ಅವನಿಗೆ ಎಲ್ಲಿಲ್ಲದ ಅಭಿಮಾನ.

"ಗಾಳಿ ಬಡಪಾಯಿ ಅಕ್ಕಾ. ಬೆಳಕು ಬಂದ್ರೆ ಒಂದು ಬಣ್ಣಾನೂ ಹಿಡ್ಕೊಳ್ಳಲ್ಲ, ಎಲ್ಲಾ ಬಿಟ್ಬಿಡುತ್ತೆ. ಅದಕ್ಕೇ ಕಾಣಲ್ಲ. ನನ್ನ ಹೊಗೆ ನೀಲಿನ ನುಂಗ್ಬಿಡುತ್ತೆ, ಉಳಿದ ಬೆಳಕೇ ಈ ಕಂದು. ಕದ್ದುಮುಚ್ಚಿ ಬರೋ ಪೈಕಿ ಅಲ್ಲ ಇದು."

"ನಿನ್ನ ತಲೆ. ಮೊದಲು ಆ ಫ್ಯಾನ್ ರಿಪೇರಿ ಮಾಡಿಸು."

ಹೊಗೆ ಎಳೆಯುವ ಫ್ಯಾನು ಕೆಟ್ಟು ಕೂತಿತ್ತು. ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಅವನದು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಬುದ್ಧಿ. ಅಂದು ಬೆಳಿಗ್ಗೆ ಹೊಗೆ ಕೋಣೆ ತುಂಬಿತು. ಅವನು ಹಿತ್ತಲಲ್ಲಿ ನಿಂತು ಕಾದ. ಕಂದು ಬಣ್ಣ ಹೋದದ್ದೇ ತಡ, ಇನ್ನೇನೂ ಇಲ್ಲವೆಂದು ಒಳಗೆ ಹೋಗಿ ಮಧ್ಯಾಹ್ನದವರೆಗೂ ಕೆಲಸ ಮಾಡಿದ. ಊಟಕ್ಕೆ ಬಂದಾಗ ಕೆಮ್ಮುತ್ತಿದ್ದ. ಕತ್ತಿನಪಟ್ಟಿ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

"ತೆಳ್ಳಗಾದ್ರೆ ಕಣ್ಣಿಗೆ ಕಾಣಲ್ಲ ಅಷ್ಟೇ, ಹೊಗೆ ಅಲ್ಲೇ ಇರುತ್ತೆ," ಎಂದರು ಡಾಕ್ಟರಮ್ಮ. "ಒಳಗೆ ನಿಧಾನವಾಗಿ ಸುಡುತ್ತೆ. ಈಗ ಚೆನ್ನಾಗೇ ಇರ್ತೀರಿ, ಆಮೇಲೆ ಎದೇಲಿ ನೀರು ತುಂಬುತ್ತೆ. ನಾಳೆವರೆಗೂ ಇಲ್ಲೇ ಮಲಗಿ."

ಸಂಜೆಯಷ್ಟರಲ್ಲಿ ಕೆಮ್ಮು ನಿಂತಿತ್ತು. "ಗುಂಡುಕಲ್ಲಿನ ಹಾಗಿದೀನಿ. ಪಾತ್ರೇಲಿ ಯಾರದೋ ಚಿನ್ನ ಇದೆ," ಎಂದು ಗೊಣಗಿದ. ನಾನು ಹೊದಿಕೆ ಕೇಳಿ ತರಲು ಹೋದೆ. ವಾಪಸು ಬಂದರೆ ಮಂಚ ಖಾಲಿ.

ಮನೆಗೆ ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಅವನು ಕೋಣೆಯ ಮೆಟ್ಟಿಲ ಮೇಲೆ ಗೋಡೆಗೊರಗಿ ಕೂತಿದ್ದ. ತುಟಿ ನೀಲಿಯಾಗಿತ್ತು, ಬಾಯಲ್ಲಿ ಗುಲಾಬಿ ನೊರೆ.

"ಅಕ್ಕಾ, ಗಾಳಿ ಸಾಲ್ತಿಲ್ಲ."

ಪಕ್ಕದ ಮನೆಯವರ ಗಾಡಿಯಲ್ಲಿ ಮತ್ತೆ ಆಸ್ಪತ್ರೆಗೆ ತಂದೆವು. ಮೂಗು ಬಾಯಿಗೆ ಮಾಸ್ಕ್ ಹಾಕಿ ಸಿಲಿಂಡರಿನ ತಿರುಪು ತಿರುಗಿಸಿದರು. ನನಗೆ ಕಂಡದ್ದು ಬರೀ ಪ್ಲಾಸ್ಟಿಕ್. ನರ್ಸ್ ಕೈ ಹಿಡಿದುಕೊಂಡೆ. "ಬರ್ತಿದೆಯಾ? ನಿಜವಾಗ್ಲೂ ಏನಾದ್ರೂ ಬರ್ತಿದೆಯಾ?"

"ಆಮ್ಲಜನಕಕ್ಕೆ ಬಣ್ಣ ಇರಲ್ಲಮ್ಮ. ಮಾಸ್ಕ್ ಮೇಲೆ ಹಬೆ ಕಟ್ತಿದೆಯಲ್ಲ, ಅದು ಅವರ ಉಸಿರು. ಅದನ್ನ ನೋಡ್ತಿರಿ."

ಕಣ್ಣು ಮಿಟುಕಿಸದೆ ನೋಡಿದೆ. ಹಬೆ ಕಟ್ಟಿತು, ಮಾಯವಾಯಿತು, ಮತ್ತೆ ಕಟ್ಟಿತು. ಹಾಳಾದವನೇ, ಇನ್ನೊಂದು ಸಲ ಎಂದು ಬೈಯುತ್ತಲೇ ಇದ್ದೆ. ಇನ್ನೊಂದು ಸಲ ಕಟ್ಟಿತು. ಆಮೇಲೆ ಮಾಸ್ಕ್ ತಿಳಿಯಾಯಿತು, ತಿಳಿಯಾಗಿಯೇ ಉಳಿಯಿತು. ನರ್ಸ್ ಬಂದು ಸಿಲಿಂಡರ್ ನಿಲ್ಲಿಸಿದರು. ನಾನು ಇನ್ನೂ ಬೈಯುತ್ತಿದ್ದೆ.